ಮಾರುಕಿಚಿ ಕಾಲು ಬಿಚ್ಚಿದ ಮಧ್ಯಾಹ್ನ

ಮೈಕು ಕೈಗೆ ಸಿಕ್ಕಿತೆಂದರೆ ತೊಮೊನೊರಿಯನ್ನು ಹಿಡಿಯುವವರಿಲ್ಲ. ವರ್ಷದ ಉಳಿದ ದಿನಗಳಲ್ಲಿ ಅವನು ಯವತಹಾಮಾದ ಅಂಗಡಿಬೀದಿಯಲ್ಲಿ ಸಣ್ಣ ಮೀನು ಅರೆದು, ತಟ್ಟಿ, ಎಣ್ಣೆಯಲ್ಲಿ ಕರಿದು, ಬಿಸಿಬಿಸಿ ಜಾಕೊತೆನ್ ಮಾರಿಕೊಂಡಿರುವ ಸಾಧು ಪ್ರಾಣಿ. ಗಿರಾಕಿ ಬೈದರೂ ತಲೆ ತಗ್ಗಿಸಿ ನಗುವವನು. ಆದರೆ ನವೆಂಬರಿನ ಮೊದಲ ಭಾನುವಾರ ಬೀದಿಯ ವ್ಯಾಪಾರಿಗಳ ಸಂಘದವರು ‘ಹಳೇ ವಿಡಿಯೋ ಗೇಮುಗಳ ಮಧ್ಯಾಹ್ನ’ ಏರ್ಪಡಿಸಿ, ಹಲಗೆ ವೇದಿಕೆಯ ಮೇಲೆ ಡಬ್ಬದಂಥ ಹಳೆಯ ಟೀವಿ ಇಟ್ಟು ಇವನ ಕೈಗೆ ಮೈಕು ಕೊಟ್ಟರೆ ಸಾಕು, ನಲವತ್ತಮೂರು ವರ್ಷದ ಈ ಮನುಷ್ಯನ ಮೈಮೇಲೆ ಐದನೇ ಕ್ಲಾಸಿನ ಹುಡುಗ ಬಂದುಬಿಡುತ್ತಿದ್ದ.

ಐದನೇ ಕ್ಲಾಸಿನಲ್ಲಿ ಅವನು ಸಣ್ಣ ಆಸಾಮಿಯಾಗಿರಲಿಲ್ಲ. ಆಗಿನ ಗೇಮು ಪತ್ರಿಕೆಗಳು ನಿಜವಾದ ಗುಟ್ಟುಗಳ ಜೊತೆ ಒಂದೆರಡು ಬುರುಡೆ ಗುಟ್ಟುಗಳನ್ನೂ ಬೇಕೆಂದೇ ಅಚ್ಚುಹಾಕಿ ಮಕ್ಕಳನ್ನು ಮಂಗ ಮಾಡುತ್ತಿದ್ದವು. ಹೀಗಾಗಿ ಯಾವುದು ನಿಜ, ಯಾವುದು ಬುರುಡೆ ಎಂದು ಹೇಳಲು ಪ್ರತಿ ಕ್ಲಾಸಿಗೂ ಒಬ್ಬ ನ್ಯಾಯಾಧೀಶ ಬೇಕಾಗುತ್ತಿದ್ದ. ಇವರ ಕ್ಲಾಸಿಗೆ ಅವನು ತೊಮೊನೊರಿ. ಅವನು ‘ಬುರುಡೆ’ ಎಂದರೆ ಮುಗಿಯಿತು, ಮೇಲ್ಮನವಿ ಇರಲಿಲ್ಲ.

“ಇವನ್ಯಾರು ಗೊತ್ತಲ್ಲ?” ಎಂದು ಅವನು ಟೀವಿಯ ಕಡೆ ಕೈ ತೋರಿಸಿದ. ಎದುರಿಗೆ ಮಡಚುವ ಕುರ್ಚಿಗಳಲ್ಲಿ ಎಪ್ಪತ್ತು ಎಂಬತ್ತು ಜನ, ಹೆಚ್ಚಿನವರು ಅವನ ವಯಸ್ಸಿನವರೇ, ಕಿತ್ತಳೆ ಸುಲಿಯುತ್ತ ಕೂತಿದ್ದರು. “ಮಾರುಕಿಚಿ! ನಮ್ಮ ಉಂಡೆಹುಳ! ಮುಟ್ಟಿದ್ರೆ ಉಂಡೆ ಆಗೋನು! ಮೊದಲ ಮೂರು ಗೇಮಲ್ಲಿ ಪಾಪ ಓಡಿದ, ಹಾರಿದ, ಹಳ್ಳಕ್ಕೆ ಬಿದ್ದ. ನಾಲ್ಕನೇದ್ರಲ್ಲಿ ಕಂಪನಿಯವ್ರು ಏನು ಮಾಡಿದ್ರು? ಹೇಗೂ ಉಂಡೆ ಆಗ್ತಾನಲ್ಲ, ಪಿನ್‌ಬಾಲಿಗೆ ಚೆಂಡು ಬೇಕಲ್ಲ, ತಗೊಂಡು ಒಗೆದೇಬಿಟ್ರು!”

ಜನ ನಕ್ಕರು. ಪ್ರತಿ ವರ್ಷವೂ ಇಲ್ಲಿ ನಗುತ್ತಾರೆ. ತೆರೆಯ ಮೇಲೆ ಮಾರುಕಿಚಿ ಉಂಡೆಯಾಗಿ ಅಣಬೆಗಳಿಗೆ ಡಿಕ್ಕಿ ಹೊಡೆಯುತ್ತ, ಗಂಟೆ ಬಾರಿಸುತ್ತ ಕೆಳಗುರುಳಿ ಬಂದ. ತಳದಲ್ಲಿ, ಬೀಳುವ ಚೆಂಡನ್ನು ಮತ್ತೆ ಮೇಲಕ್ಕೆ ಒಗೆಯಲು, ಎರಡು ಎಲೆಗಳು ರೆಕ್ಕೆಯ ಹಾಗೆ ಮೇಲೆ ಕೆಳಗೆ ಬಡಿಯುತ್ತಿದ್ದವು. ಗುಂಡಿ ಒತ್ತಿದಾಗ ಬಲಗಡೆಯ ಎಲೆ ಮೇಲೆದ್ದು, ಅದರ ಬುಡದ ತಗ್ಗಿನಲ್ಲಿ ಮಾರುಕಿಚಿ ಸಿಕ್ಕಿಕೊಂಡು ನಿಂತ. ಗುಂಡಿಯಿಂದ ಬೆರಳು ತೆಗೆಯುವವರೆಗೆ ಅಲ್ಲಿಂದ ಕದಲುವ ಹಾಗಿಲ್ಲ.

“ಈಗ ಸುಳ್ಳುಬುರುಕಿಯ ಕಥೆ,” ಎಂದ ತೊಮೊನೊರಿ. “ನಮ್ಮ ಕ್ಲಾಸಲ್ಲಿ ಒಬ್ಳು ಹುಡುಗಿ. ಹೆಸರು ಬೇಡ. ಅವಳು ಒಂದಿನ ಬಂದು ಹೇಳ್ತಾಳೆ, ಎಲೆ ಎತ್ತಿ ಹಿಡಿದು ಸುಮ್ನೆ ಬಿಟ್ರೆ ಮಾರುಕಿಚಿ ಕಾಲು ಬಿಚ್ಚಿ ಎದ್ದು ನಡೀತಾನಂತೆ! ನಡೆದು ಮನೆಗೆ ಹೋಗ್ತಾನಂತೆ! ಮನೇಲಿ ಒಬ್ಬ ಮುದಿ ಉಂಡೆಹುಳ ಚಹಾ ಕುಡೀತಾ ಕೂತಿರತ್ತಂತೆ! ನೋಡೇಬಿಡೋಣ, ಅಲ್ವಾ?”

ಅವನು ಗುಂಡಿಯ ಮೇಲೆ ಅಂಟುಪಟ್ಟಿ ಸುತ್ತಿ ಕೈ ಎತ್ತಿದ. ಪ್ರತಿ ವರ್ಷದ ಹಾಗೆ ಜನರೆಲ್ಲ ಸೇರಿ ಅರವತ್ತರಿಂದ ಕೆಳಕ್ಕೆ ಎಣಿಸಿದರು. ಸೊನ್ನೆ ಬಂತು. ಮಾರುಕಿಚಿ ಉಂಡೆಯಾಗಿಯೇ ಇದ್ದ. “ಇನ್ನೂ ಹೊರಟಿಲ್ಲ, ಬಸ್ಸು ಸಿಕ್ಕಿಲ್ಲ ಅನ್ಸತ್ತೆ!” ಎಂದ. ಮತ್ತೆ ನಗು.

ಹೆಸರು ಬೇಡ ಎಂದರೂ ಹೆಸರು ಎಲ್ಲರಿಗೂ ಗೊತ್ತಿತ್ತು. ಚಿನಾತ್ಸು. ಬೀದಿಯ ತುದಿಯಲ್ಲಿರುವ ತ್ಸುರುನೊಯು ಎಂಬ, ಊರಿನವರು ದುಡ್ಡು ಕೊಟ್ಟು ಮೀಯಲು ಹೋಗುವ ಸ್ನಾನದ ಮನೆಯವರ ಮಗಳು. ಈಗ ಅಲ್ಲಿನ ಒಡತಿ. ಮತ್ತೊಂದು ವಿಷಯವೂ ಎಲ್ಲರಿಗೂ ಗೊತ್ತಿತ್ತು, ಅದನ್ನು ಮಾತ್ರ ಯಾರೂ ಆಡುತ್ತಿರಲಿಲ್ಲ. ಆ ವರ್ಷವೇ, ಸಾವಿರದ ಒಂಬೈನೂರ ತೊಂಬತ್ತಮೂರರ ನವೆಂಬರಿನಲ್ಲಿ, ತೊಮೊನೊರಿಯ ಅಜ್ಜ ಕಾಣೆಯಾದರು. ಅಜ್ಜನಿಗೆ ನೆನಪು ಕೈಕೊಡಲು ಶುರುವಾಗಿ ಎರಡು ವರ್ಷವಾಗಿತ್ತು. ಸಂಜೆ ಊರೆಲ್ಲ ಹುಡುಕುತ್ತಿದ್ದಾಗ ಚಿನಾತ್ಸು ಏದುಸಿರು ಬಿಡುತ್ತ ಇವರ ಅಂಗಡಿಗೆ ಓಡಿ ಬಂದಳು. ಅಜ್ಜ ಗುಡ್ಡದ ದಾರಿ ಹಿಡಿದದ್ದನ್ನು ಕಂಡೆ ಎಂದಳು. ಅದೇ ಹೊತ್ತಿಗೆ ಯಾರೋ ಬಂದರಿನ ಹತ್ತಿರ, ದೋಣಿ ಹತ್ತುವ ಜಾಗದಲ್ಲಿ, ಅಂಥದೇ ಮುದುಕನನ್ನು ನೋಡಿದೆ ಎಂದಿದ್ದರು. ಗುಡ್ಡಕ್ಕೋ, ಬಂದರಿಗೋ? ಅಪ್ಪ ದಿಕ್ಕು ತೋಚದೆ ಮಗನ ಮುಖ ನೋಡಿದರು. “ಇವಳು ನಿನ್ನ ಕ್ಲಾಸಿನವಳಲ್ವೇನೋ? ನಂಬಬಹುದಾ?”

“ಅವಳು ಹೇಳೋದೆಲ್ಲ ಬುರುಡೆ,” ಎಂದಿದ್ದ ಹನ್ನೊಂದು ವರ್ಷದ ನ್ಯಾಯಾಧೀಶ.

ಎಲ್ಲರೂ ಬಂದರಿಗೆ ಓಡಿದರು. ಅಜ್ಜ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಗುಡ್ಡದ ಮೇಲೆ, ಎಂದೋ ಮಾರಿದ್ದ ತಮ್ಮ ಕಿತ್ತಳೆ ತೋಟದ ಗುಡಿಸಲಿನಲ್ಲಿ. ಆ ವರ್ಷ ಚಳಿ ಬೇಗ ಬಿದ್ದಿತ್ತು.

ಮನೆಯಲ್ಲಿ ಈ ವಿಷಯಕ್ಕೆ ಒಂದು ಉತ್ತರ ತಯಾರಾಯಿತು. ಆ ಹುಡುಗಿ ಏನನ್ನೂ ಕಂಡಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದಳು, ಅದು ಹೇಗೋ ತಾಗಿತು. ಸುಳ್ಳು ಹೇಳುವವಳೆಂದು ಊರಿಗೇ ಗೊತ್ತಿರುವಾಗ ಯಾರು ತಾನೆ ನಂಬುತ್ತಿದ್ದರು? ಈ ಉತ್ತರದ ಮೇಲೆ ತಲೆಯಿಟ್ಟು ತೊಮೊನೊರಿ ಮೂವತ್ತೆರಡು ವರ್ಷ ನಿದ್ದೆ ಮಾಡಿದ್ದ. ವರ್ಷಕ್ಕೊಮ್ಮೆ ಮೈಕು ಹಿಡಿದು ಅದನ್ನು ಗಟ್ಟಿಮಾಡಿಕೊಳ್ಳುತ್ತಲೂ ಇದ್ದ. ಉಂಡೆಹುಳ ನಡೆಯುವುದಿಲ್ಲ; ಅಂದಮೇಲೆ ಅವಳು ಸುಳ್ಳಿ; ಅಂದಮೇಲೆ ತನ್ನ ತಪ್ಪಿಲ್ಲ. ಅಜ್ಜ ತೀರಿದ ತಿಂಗಳಲ್ಲೇ ಈ ಹಾಸ್ಯ ನಡೆಯುತ್ತದೆ ಎಂಬುದು ಆ ಮಹಾಶಯನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ.

ಪ್ರತಿ ವರ್ಷ ಎಣಿಕೆ ಮುಗಿದ ಕೂಡಲೇ ಅಂಟುಪಟ್ಟಿ ಕಿತ್ತು ಆಟ ಮುಂದುವರಿಸುವುದು ವಾಡಿಕೆ. ಈ ವರ್ಷ ಅಷ್ಟರಲ್ಲಿ ಸಂಘದ ಅಧ್ಯಕ್ಷ ಸೊಗಾಬೆಯವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ವೇದಿಕೆ ಹತ್ತಿಬಿಟ್ಟರು. ಬೆಳಿಗ್ಗೆ ಮದುವೆಯೊಂದಕ್ಕೆ ಹೋಗಿ ತಡವಾಗಿತ್ತು, ಉದ್ಘಾಟನೆಯ ಭಾಷಣ ಬಾಕಿ ಇತ್ತು.

“ಮೂರೇ ನಿಮಿಷ ಕಣಪ್ಪಾ ತೊಮೊ,” ಎಂದು ಅವರು ಮೈಕು ಕಿತ್ತುಕೊಂಡರು.

ಸೊಗಾಬೆಯವರ ಮೂರು ನಿಮಿಷ ಎಷ್ಟುದ್ದ ಎಂಬುದು ಯವತಹಾಮಾದ ಕೂಸಿಗೂ ಗೊತ್ತು. ಅವರು ಯುದ್ಧಾನಂತರದ ಬೀದಿಯಿಂದ ಆರಂಭಿಸಿದರು. ಬೀದಿಯ ಉದ್ದಕ್ಕೂ ಚಾವಣಿ ಹಾಕಿಸಿದ ಕಥೆಗೆ ಬಂದರು. ಚಾವಣಿಗೆ ಮೊದಲು ಹಸಿರು ಬಣ್ಣ ಬಳಿಯುವುದಾಗಿ ಹೇಳಿ ಆಮೇಲೆ ನೀಲಿ ಬಳಿದ ಗುತ್ತಿಗೆದಾರನನ್ನು ನೆನೆದು ಈಗಲೂ ಸಿಟ್ಟಾದರು. ಕೇಳುವವರು ಕಿತ್ತಳೆ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದರು. ತೊಮೊನೊರಿ ಪಕ್ಕದಲ್ಲಿ ಕೈಕಟ್ಟಿ, ಮುಖದಲ್ಲಿ ಗೌರವ ತುಂಬಿಕೊಂಡು ನಿಂತಿದ್ದ. ಟೀವಿ ಅವನ ಬೆನ್ನ ಹಿಂದಿತ್ತು. ಹತ್ತು ನಿಮಿಷ ದಾಟಿತು.

ಮುಂದಿನ ಸಾಲಿನ ಹೆಂಗಸೊಬ್ಬಳು “ಅಯ್ಯಯ್ಯೋ!” ಎಂದು ಕಿರುಚಿದಳು.

ಆಮೇಲೆ ಎಲ್ಲರೂ ಎದ್ದುನಿಂತರು. ಚಪ್ಪಾಳೆ, ಸಿಳ್ಳೆ, ಕೂಗು. ಸೊಗಾಬೆಯವರು ತಮಗೇ ಎಂದುಕೊಂಡು ನಮ್ರವಾಗಿ ಬಾಗಿದರು. ತೊಮೊನೊರಿ ಹಿಂತಿರುಗಿ ನೋಡಿದ.

ಮಾರುಕಿಚಿ ಬಿಚ್ಚಿಕೊಂಡಿದ್ದ. ಹೊಟ್ಟೆಯಡಿಯಿಂದ ಪುಟ್ಟ ಪುಟ್ಟ ಕಾಲುಗಳು ಹೊರಬಂದಿದ್ದವು. ಅವನು ಮೈಮುರಿದು, ಆಕಳಿಸಿ, ಎಲೆಯ ಬುಡದಿಂದ ಪಕ್ಕದ ಗೋಡೆಗೆ ಏರಿ, ಯಾವ ಅವಸರವೂ ಇಲ್ಲದೆ ನಡೆಯತೊಡಗಿದ. ಸಾವಿರ ಸಲ ಡಿಕ್ಕಿ ಹೊಡೆದರೂ ಅಲುಗದ ಕಲ್ಲೊಂದು ಬಾಗಿಲಿನಂತೆ ಸರಿಯಿತು. ಒಳಗೆ ಹಳದಿ ಬೆಳಕು. ಚಾಪೆಯ ಮೇಲೆ ಮುದಿ ಉಂಡೆಹುಳವೊಂದು ಚಹಾ ಬಟ್ಟಲು ಹಿಡಿದು ಕೂತಿತ್ತು. ಮಾರುಕಿಚಿ ಅದರ ಎದುರಿಗೆ ಹೋಗಿ ಕೂತ. ಮೇಲಿನ ಅಂಕಗಳ ಸಾಲಿನಲ್ಲಿ ಒಂದೊಂದಾಗಿ ಒಂಬತ್ತುಗಳು ತುಂಬಿಕೊಂಡವು.

ತೊಮೊನೊರಿ ಟೀವಿಯ ಹಿಂಭಾಗಕ್ಕೆ ಹೋಗಿ ತಂತಿಗಳನ್ನು ನೋಡಿದ, ಯಾರೋ ಚೇಷ್ಟೆ ಮಾಡಿರಬೇಕು ಎಂಬಂತೆ. ಚೇಷ್ಟೆಯೇನೂ ಇರಲಿಲ್ಲ. ಅದೇ ಹಳೆಯ ಯಂತ್ರ, ಅದರೊಳಗೆ ಅವನದೇ ಗೇಮಿನ ಕ್ಯಾಸೆಟ್ಟು. ಅಮ್ಮ ಮಸಿಯಲ್ಲಿ ಬರೆದ ಅವನದೇ ಹೆಸರು.

“ಏನಯ್ಯಾ ಇದು?” ಸೊಗಾಬೆಯವರು ಕನ್ನಡಕ ಏರಿಸಿ ತೆರೆಗೆ ಮುಖ ಹಚ್ಚಿದರು. ಅವರ ಕೈಯಲ್ಲಿನ ಮೈಕು ಇನ್ನೂ ಚಾಲೂ ಇತ್ತು. “ಹಾಗಾದ್ರೆ ಆ ಹುಡುಗಿ ಹೇಳಿದ್ದು ನಿಜವೇ ಆಯ್ತಲ್ಲ!”

ಆ ಮಾತು ಚಾವಣಿಯ ಧ್ವನಿವರ್ಧಕಗಳಲ್ಲೆಲ್ಲ ಮೊಳಗಿತು. ನಗುತ್ತಿದ್ದವರಲ್ಲಿ ಕೆಲವರು ನಗು ನಿಲ್ಲಿಸಿದರು. ವಯಸ್ಸಾದ ಒಂದಿಬ್ಬರು ತೊಮೊನೊರಿಯನ್ನು ನೋಡಿ ಕೂಡಲೇ ಬೇರೆ ಕಡೆ ನೋಡಿದರು. ಅವರು ಅಂದು ಬಂದರಿಗೆ ಓಡಿದವರು.

ತೊಮೊನೊರಿ ವೇದಿಕೆ ಇಳಿದ. ಏಪ್ರನ್ನು ಬಿಚ್ಚುವುದೂ ಹೊಳೆಯಲಿಲ್ಲ. ಐದು ನಿಮಿಷ. ಐದನೇ ಕ್ಲಾಸಿನಲ್ಲಿ ತಾನು ಮನೆಯಲ್ಲಿ ಪರೀಕ್ಷೆ ಮಾಡಿದ್ದು ಐದೇ ನಿಮಿಷ, ಆಮೇಲೆ ಬೆರಳು ನೋಯಿತೆಂದು ಬಿಟ್ಟಿದ್ದ. ಬೆರಳು ನೋಯಿತೆಂದು! ಬೀದಿಯ ಉದ್ದಕ್ಕೂ ನಡೆದು, ಮೂವತ್ತೆರಡು ವರ್ಷದಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದ ಮೂಲೆಯನ್ನು ತಿರುಗಿ, ತ್ಸುರುನೊಯುವಿನ ನೀಲಿ ಪರದೆಯ ಮುಂದೆ ನಿಂತಾಗ ಆಗಷ್ಟೇ ಬಾಗಿಲು ತೆಗೆದಿದ್ದರು.

ಒಳಗೆ ಚಪ್ಪಲಿ ಗೂಡುಗಳ ಸಾಲು ಹಾಗೆಯೇ ಇತ್ತು. ಪ್ರತಿ ಗೂಡಿಗೂ ನಂಬರು ಕೆತ್ತಿದ ಮರದ ಬಿಲ್ಲೆಯೇ ಬೀಗದ ಕೈ. ಖಾಲಿ ಗೂಡುಗಳಿಗೆಲ್ಲ ಬಿಲ್ಲೆ ಸಿಕ್ಕಿಸಿತ್ತು, ಹದಿನೇಳಕ್ಕೆ ಮಾತ್ರ ಇರಲಿಲ್ಲ. ಅಷ್ಟು ಬೇಗ ಯಾರೋ ಬಂದಿರಬೇಕು ಎಂದುಕೊಂಡು ಅವನು ಹದಿನೆಂಟಕ್ಕೆ ಬೂಟು ತಳ್ಳಿದ.

ಚಿನಾತ್ಸು ಕೌಂಟರಿನಲ್ಲಿ ಕೂತು ಟವೆಲ್ ಮಡಿಸುತ್ತಿದ್ದಳು. ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮಡಿಸತೊಡಗಿದಳು.

“ಗಂಡಸರಿಗೆ ಎಡಗಡೆ,” ಎಂದಳು.

“ಸ್ನಾನಕ್ಕೆ ಬಂದಿಲ್ಲ.”

“ಹಾಗಾದ್ರೆ ಇದು ಮೈಕಿಲ್ಲದ ಜಾಗ. ನಿಂಗೆ ಸರಿಹೋಗಲ್ಲ.”

“ಅವನು ನಡೆದ,” ಎಂದ ತೊಮೊನೊರಿ. “ಮಾರುಕಿಚಿ. ಈಗ್ಲೇ, ಎಲ್ಲರ ಎದುರಿಗೆ. ಕಾಲು ಬಿಚ್ಚಿ ನಡೆದ.”

ಟವೆಲ್ ಮಡಿಸುತ್ತಿದ್ದ ಕೈ ನಿಂತಿತು. ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ. ಗೆದ್ದವಳ ಮುಖವೂ ಅದಾಗಿರಲಿಲ್ಲ.

“ಹನ್ನೊಂದು ನಿಮಿಷ ಬೇಕು,” ಎಂದಳು. “ಅಷ್ಟು ಹೊತ್ತು ಸುಮ್ನಿರೋ ಹುಡುಗ್ರು ಯಾರಿದ್ರು ನಮ್ಮ ಕ್ಲಾಸಲ್ಲಿ? ನಾನು ಇಲ್ಲೇ, ಕೌಂಟರು ನೋಡ್ಕೊಂಡು ಆಡ್ತಿದ್ದವಳು, ಸುಮ್ನಿರದೆ ಗತಿ ಇರ್ಲಿಲ್ಲ. ಆಟ ನಿಲ್ಲಿಸೋ ಗುಂಡಿ ಒಳಗೆ ಕೂತುಬಿಟ್ಟಿತ್ತು, ಪಿನ್ನು ಹಾಕಿ ಚುಚ್ಚಬೇಕಿತ್ತು. ಗಿರಾಕಿ ಬಂದಾಗ ಚುಚ್ತಾ ಕೂರೋಕಾಗತ್ತಾ? ಗುಂಡಿ ಮೇಲೆ ಮರದ ಬಿಲ್ಲೆ ಇಟ್ಟು, ಕೂದಲಿನ ರಬ್ಬರು ಸುತ್ತಿ ಕೌಂಟರಿಗೆ ಓಡ್ತಿದ್ದೆ. ವಾಪಸು ಬಂದು ನೋಡಿದ್ರೆ ಅವನು ಮನೆ ಸೇರಿರ್ತಿದ್ದ.”

“ಚಿನಾತ್ಸು, ನಾನು...”

“ಯಾರ ಬಿಲ್ಲೆ ಅಂತ ಕೇಳು.”

ಅವನು ಕೇಳಲಿಲ್ಲ. ಬಿಲ್ಲೆಯಿಲ್ಲದ ಹದಿನೇಳನೇ ಗೂಡಿನ ಕಡೆ ತಿರುಗಿ ನೋಡಿದ.

“ನಿಮ್ಮಜ್ಜಂದು. ದಿನಾ ಸ್ನಾನ ಮುಗಿಸಿ ಆ ಬೆಂಚಿನ ಮೇಲೆ, ಟೀವಿ ಪಕ್ಕ ಕೂರೋರು. ‘ತಗೋ ಪುಟ್ಟಿ, ಇಡು’ ಅಂತ ಅವರೇ ಬಿಲ್ಲೆ ಕೊಡೋರು. ಹುಳ ಕಾಲು ಬಿಚ್ಚೋದನ್ನ ಮೊದಲು ನೋಡಿದ್ದೇ ಅವರು. ಕ್ಲಾಸಲ್ಲಿ ಹೇಳಿದ್ನಲ್ಲ, ತೊಮೊನ ಅಜ್ಜನೂ ನೋಡಿದ್ದಾರೆ ಅಂತ. ನೀನೇನಂದೆ, ನೆನಪಿದೆಯಾ?”

ನೆನಪಿತ್ತು. ಪ್ರತಿ ವರ್ಷ ಕಥೆ ಹೇಳುವಾಗ ಅವನು ಜಾಣತನದಿಂದ ಬಿಟ್ಟುಬಿಡುತ್ತಿದ್ದ ಮಾತು ಅದೊಂದೇ. ‘ಅಜ್ಜನಿಗೆ ಬೆಳಿಗ್ಗೆ ತಿಂದಿದ್ದೇ ನೆನಪಿರಲ್ಲ’ ಎಂದಿದ್ದ. ಕ್ಲಾಸು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತ್ತು.

“ಆವತ್ತು ಹುಳ ಮನೆ ಸೇರಿದ್ದನ್ನ ನೋಡಿ ಎದ್ರು,” ಎಂದಳು ಚಿನಾತ್ಸು. ಅವಳ ದನಿ ಈಗ ತಗ್ಗಿತ್ತು. “‘ನಾನೂ ಮನೆಗೆ ಹೋಗ್ತೀನಿ ಪುಟ್ಟಿ’ ಅಂದ್ರು. ಗೂಡಿಂದ ಚಪ್ಪಲಿ ತಗೊಂಡು, ಬಾಗಿಲು ಮುಚ್ಚಿ, ಬಿಲ್ಲೆ ಮತ್ತೆ ನನ್ನ ಕೈಗೇ ಕೊಟ್ರು. ಹೊರಗೆ ಹೋಗಿ ಗುಡ್ಡದ ಕಡೆ ತಿರುಗಿದ್ದನ್ನ ಕಿಟಕಿಯಿಂದ ನೋಡ್ದೆ. ಅಮ್ಮ ಹಿಂದುಗಡೆ ಒಲೆ ಉರಿ ನೋಡ್ತಿದ್ಲು. ಅವಳು ಬರೋವರೆಗೆ ಕೌಂಟರು ಬಿಟ್ಟು ಏಳೋ ಹಾಗಿಲ್ಲ. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ನಂದು ತೊಮೊ, ಅದನ್ನ ನಾನು ನಿನ್ನ ತಲೆಗೆ ಕಟ್ಟಲ್ಲ. ಉಳಿದ ರಾತ್ರಿ ನಿಂದು.”

ತೊಮೊನೊರಿ ಕೌಂಟರಿನ ಅಂಚು ಹಿಡಿದುಕೊಂಡ.

ಅವಳು ಡ್ರಾಯರು ಎಳೆದು ಹಳೆಯ ಫೋಟೋವೊಂದನ್ನು ತೆಗೆದು ಅವನ ಮುಂದಿಟ್ಟಳು. ಅವನಿಗೆ ಕೂಡಲೇ ಗುರುತು ಸಿಕ್ಕಿತು. ಬಳಸಿ ಬಿಸಾಡುವ ಕ್ಯಾಮೆರಾದಲ್ಲಿ ಅವಳು ಸಾಕ್ಷಿಗೆಂದು ತೆಗೆದುಕೊಂಡು ಬಂದದ್ದು. ಫ್ಲ್ಯಾಶು ಟೀವಿಯ ಗಾಜಿಗೆ ಬಡಿದು ತೆರೆಯ ಜಾಗದಲ್ಲಿ ಬರೀ ಬಿಳಿ ಬೆಳಕು ಮೂಡಿತ್ತು. ‘ಇದೇನು ಸೂರ್ಯೋದಯನಾ?’ ಎಂದು ಇವನು ಅದನ್ನು ಮೇಲೆತ್ತಿ ಇಡೀ ಕ್ಲಾಸಿಗೆ ತೋರಿಸಿದ್ದ.

“ನೀನು ಅದನ್ನ ಎಲ್ಲರಿಗೂ ತೋರಿಸ್ದೆ. ನೀನೇ ನೋಡ್ಲಿಲ್ಲ,” ಎಂದಳು.

ಅವನು ನೋಡಿದ. ನಡುವೆ ಅದೇ ಬಿಳಿ. ಬಿಳಿಯ ಬಲಕ್ಕೆ, ಫೋಟೋದ ಅಂಚಿನಲ್ಲಿ, ಕೊರಳಿಗೆ ಟವೆಲ್ ಹಾಕಿಕೊಂಡ ಅಜ್ಜ. ಸ್ನಾನದಿಂದ ಕೆಂಪಾದ ಅರ್ಧ ಮುಖ. ಬಾಯಿ ತುಂಬ ನಗು. ಬೆರಳು ನೇರ ತೆರೆಯ ಕಡೆಗೆ, ನೋಡು ನೋಡು ಎನ್ನುವ ಹಾಗೆ. ಮನೆಯಲ್ಲಿ ಕೊನೆಯ ಎರಡು ವರ್ಷ ಅಜ್ಜ ಹೀಗೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಮನೆಯವರ ಗುರುತೇ ಮರೆತುಹೋಗುತ್ತಿದ್ದ ಆ ಕಣ್ಣುಗಳು ಇಲ್ಲಿ ಪೂರ್ತಿ ಎಚ್ಚರವಾಗಿದ್ದವು.

ತೊಮೊನೊರಿಗೆ ಅಳು ಬರಲಿಲ್ಲ. ಅಳು ಆ ನೋವಿಗಿಂತ ಎಷ್ಟೋ ಸಣ್ಣದು. ಅವನು ಗರ ಬಡಿದವನಂತೆ ಆ ಬೆರಳನ್ನೇ ನೋಡುತ್ತ ನಿಂತ. ಈ ಫೋಟೋ ಒಂದು ಸಲ ಅವನ ಕೈಯಲ್ಲೇ ಇತ್ತು.

“ಇದನ್ನ ಅಪ್ಪನಿಗೆ ತೋರಿಸ್ಬೇಕು,” ಎಂದ ಕೊನೆಗೆ. “ಒಂದಿನದ ಮಟ್ಟಿಗೆ ಕೊಡ್ತೀಯಾ?”

“ಕೊಡಲ್ಲ.” ಅವಳು ಫೋಟೋವನ್ನು ತನ್ನ ಕಡೆ ಎಳೆದುಕೊಂಡಳು. “ಮೂವತ್ತೆರಡು ವರ್ಷದಿಂದ ನಿಮ್ಮನೆಯವರೊಬ್ರೂ ಈ ಬಾಗಿಲು ದಾಟಿಲ್ಲ. ನಮ್ಮಮ್ಮ ಸತ್ತಾಗ್ಲೂ ನಿಮ್ಮಪ್ಪ ಬರ್ಲಿಲ್ಲ. ನೋಡ್ಬೇಕಿದ್ರೆ ಇಲ್ಲಿಗೇ ಬರ್ಲಿ.”

ಅವನು ಏಪ್ರನ್ನಿನ ಜೇಬಿನಿಂದ ಫೋನು ತೆಗೆದ. ಅವಸರದಲ್ಲಿ ಎರಡು ಸಲ ಬೇರೆಯವರಿಗೆ ಹೋಯಿತು.

“ಅಪ್ಪ, ಟವೆಲ್ ತಗೊಂಡು ಬಾ.”

“ಎಲ್ಲಿಗೋ? ಅಂಗಡಿ ಯಾರು ನೋಡ್ತಾರೆ?” ಎಪ್ಪತ್ತಾರರ ಮುದುಕನ ಹಿಂದೆ ಎಣ್ಣೆ ಚುರುಗುಟ್ಟುವ ಸದ್ದು ಕೇಳುತ್ತಿತ್ತು.

“ತ್ಸುರುನೊಯುಗೆ.”

ಆ ಕಡೆ ಎಣ್ಣೆಯ ಸದ್ದು ನಿಂತಿತು, ಒಲೆ ಆರಿಸಿರಬೇಕು.

“ಅವಳು ಸುಳ್ಳು ಹೇಳಿರ್ಲಿಲ್ಲ ಅಪ್ಪ. ಆ ಹುಳದ ವಿಷಯಾನೂ ನಿಜ, ಅಜ್ಜನ ವಿಷಯಾನೂ ನಿಜ. ಸುಳ್ಳು ಹೇಳಿದ್ದು ನಾನು.”

“ನೀನು ಮಗು ಕಣೋ,” ಎಂದರು ಅಪ್ಪ. ದನಿ ಎಷ್ಟು ಮೆಲ್ಲಗಿತ್ತೆಂದರೆ ಅವನು ಫೋನನ್ನು ಕಿವಿಗೆ ಒತ್ತಿಕೊಳ್ಳಬೇಕಾಯಿತು. “ಹನ್ನೊಂದು ವರ್ಷದವನನ್ನ ಕೇಳಿ ದಾರಿ ಹಿಡಿದವನು ನಾನು. ಗುಡಿಸಲಲ್ಲಿ ಅಪ್ಪನನ್ನ ಎತ್ತಿದಾಗ್ಲೇ ಗೊತ್ತಾಯ್ತು ನಂಗೆ, ಆ ಹುಡುಗಿ ನೋಡೇ ಹೇಳಿದ್ಲು ಅಂತ. ಅವರ ಕೂದಲಲ್ಲಿ ಸ್ನಾನದ ಸೋಪಿನ ವಾಸನೆ ಇನ್ನೂ ಇತ್ತು.”

ಅಪ್ಪನಿಗೆ ಗೊತ್ತಿತ್ತು. ಬಾಯಿಗೆ ಬಂದದ್ದು ಹೇಳಿದಳು, ಹೇಗೋ ತಾಗಿತು ಎಂದು ಮನೆಯಲ್ಲಿ ಮೊದಲು ಹೇಳಿದವರು ಅಪ್ಪನೇ. ಅದನ್ನು ಹೇಳಿದ್ದು ಯಾರಿಗಾಗಿ ಎಂಬುದು ಅವನಿಗೆ ಈಗ, ಈ ಕೌಂಟರಿನ ಮುಂದೆ, ಏಪ್ರನ್ನು ಕಟ್ಟಿಕೊಂಡು ನಿಂತು, ಗೊತ್ತಾಗುತ್ತಿತ್ತು.

“ತೊಮೊ,” ಎಂದರು ಅಪ್ಪ. “ಅವಳು ನನ್ನನ್ನ ಒಳಗೆ ಬಿಡ್ತಾಳಾ?”

ಖಾಲಿ ಸ್ನಾನದ ಮನೆಯಲ್ಲಿ ಫೋನಿನ ಮಾತು ಅವಳಿಗೂ ಕೇಳಿರಬೇಕು. ಚಿನಾತ್ಸು ಡ್ರಾಯರಿನ ತಳದಿಂದ ಅಜ್ಜನ ಮರದ ಬಿಲ್ಲೆ ತೆಗೆದುಕೊಂಡು ಎದ್ದು, ಬಾಗಿಲ ಬಳಿಯ ಗೂಡುಗಳ ಹತ್ತಿರ ಹೋದಳು. ಹದಿನೇಳರ ಬೀಗ ಮೂವತ್ತೆರಡು ವರ್ಷದಿಂದ ಬಿಗಿದುಕೊಂಡಿತ್ತು. ಅವಳು ಬಿಲ್ಲೆಯನ್ನು ತೂರಿಸಿ ಎರಡು ಸಲ ಅಂಗೈಯಿಂದ ಗುದ್ದಿದಳು. ಬಾಗಿಲು ತೆರೆಯಿತು.

ಅವಳು ಭುಜದ ಮೇಲಿದ್ದ ಟವೆಲ್ ತೆಗೆದು ಒಳಗಿನ ಧೂಳು ಒರೆಸತೊಡಗಿದಳು.

“ಬಾ ಅಪ್ಪ,” ಎಂದ ತೊಮೊನೊರಿ.